ಚೋಕ್ ಕೇಬಲ್ ಹರಿದ ತಿಂಗಳು

ಹಳೆಯ ಫಟಫಟಿ ಮೋಟರ್ ಸೈಕಲ್ಲು ಇಟ್ಟುಕೊಂಡವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗಾಡಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಅವೇ ಬಂದು ಸುತ್ತ ನೆರೆಯುತ್ತವೆ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಗೋಕಾಕದಲ್ಲಿ ದನದ ಡಾಕ್ಟರ್. ಇಪ್ಪತ್ತಾರು ವಯಸ್ಸು, ಮದುವೆಯಾಗಿರಲಿಲ್ಲ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಫಟಫಟಿ ನಾಲ್ಕು ಕೈ ದಾಟಿ ನನ್ನ ಕೈಗೆ ಬಂದಿತ್ತು. ಅದರ ಚೋಕ್ ಕೇಬಲ್ ಹರಿದ ತಿಂಗಳಿನಲ್ಲಿ ನಡೆದದ್ದಿಷ್ಟು.

ಎಮ್ಮೆಗೆ ಇಲಾಜು

ಚೋಕ್ ಎಂದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಯ ಪುಟ್ಟ ಬಾಗಿಲು, ಧುಪದಾಳದ ಒಡ್ಡಿನ ಗೇಟು ಇದ್ದ ಹಾಗೆ. ಗಾಡಿ ತಣ್ಣಗಿರುವಾಗ ಮುಚ್ಚಬೇಕು. ಕಾದ ಮೇಲೆ ಕೇಬಲ್ಲಿನಿಂದ ಎತ್ತಿ ತೆರೆಯಬೇಕು. ನನ್ನ ಕೇಬಲ್ ಮೇಲವಂಕಿಯ ಹಾದಿಯಲ್ಲಿ ಟಪ್ಪೆಂದು ಹರಿಯಿತು. ಬಾಗಿಲು ಬಿದ್ದಿತು. ಗಾಡಿ ಕರಿ ಹೊಗೆ ಉಗುಳುತ್ತ, ಕೆಮ್ಮುತ್ತ ಸಾಗಿತು.

ಮೇಲವಂಕಿಯಲ್ಲಿ ಒಬ್ಬ ಅಜ್ಜಿಯ ಎಮ್ಮೆ ಹಸಿ ಮೇವು ತಿಂದು, ಹೊಟ್ಟೆ ನಗಾರಿಯಂತೆ ಉಬ್ಬಿಸಿಕೊಂಡು ನಿಂತಿತ್ತು. ಆ ಮನೆಗೆ ಇದ್ದದ್ದು ಅದೊಂದೇ ಎಮ್ಮೆ. ಅಜ್ಜಿ ಸೆರಗಿನಿಂದ ಕಣ್ಣೊರೆಸುತ್ತ, "ಲಗೂ ಬರ್ರಿ ಸಾಹೇಬ್ರ, ನನ್ನ ಎಮ್ಮಿ ಕೈ ಬಿಟ್ಟ ಹೊಂಟೈತ್ರಿ!" ಎಂದು ಕೂಗಿದಳು.

ನಾನು ಗಾಡಿಯನ್ನು ಕೊಟ್ಟಿಗೆಯ ಬಾಜೂಕೆ ತಂದು ಬಂದ್ ಮಾಡಿದೆ. ಸೈಲೆನ್ಸರಿನಲ್ಲಿ ಕೂಡಿದ್ದ ಹೊಗೆಯೆಲ್ಲ ಒಮ್ಮೆಲೇ ಢಂ ಎಂದಿತು. ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಹೊಲದ ಸುತ್ತ ಎಮ್ಮೆ, ಎಮ್ಮೆಯ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಔಷಧದ ಬಾಟಲಿ ಹಿಡಿದ ನಾನು. ಮೂರನೆಯ ಸುತ್ತಿಗೆ ಎಮ್ಮೆಯೂ ಗಾಡಿಗೆ ತಕ್ಕ ಜವಾಬು ಕೊಟ್ಟಿತು. ಹೊಟ್ಟೆ ಇಳಿಯಿತು. ನಿಂತು ಮೆಲುಕು ಹಾಕತೊಡಗಿತು.

ಅಜ್ಜಿ ಮೊದಲು ಗಾಡಿಗೆ, ಆಮೇಲೆ ನನಗೆ ಕೈ ಮುಗಿದಳು. "ಇನ್ನೊಮ್ಮಿ ಹೊಟ್ಟಿ ಉಬ್ಬಿದ್ರ ನೀವು ತ್ರಾಸ ತಗೋಬ್ಯಾಡ್ರಿ ಸಾಹೇಬ್ರ. ಗಾಡಿ ಅಷ್ಟ ಕಳಸ್ರಿ."

ಅರ್ಧ ಬಿಳಿ, ಅರ್ಧ ಬಣ್ಣ

ಗೋಕಾಕದ ಮಿಸ್ತ್ರಿ ಹರಿದ ಕೇಬಲ್ ಎಳೆದು ನೋಡಿ, "ಇದು ಇಲ್ಲೆ ಸಿಗೂದಿಲ್ರಿ, ಬೆಳಗಾವಿಯಿಂದ ತರಸ್ರಿ" ಎಂದ. ನಮ್ಮ ಬಾಜೂ ಮನೆಯ ಸಾಲಿ ಮಾಸ್ತರರು ಮರುದಿನ ಬೆಳಗಾವಿಗೆ ಹೊರಟಿದ್ದರು.

"ಮಾಸ್ತರ, ಬರೂಮುಂದ ನನಗೊಂದು ಚೋಕ್ ತಗೊಂಡ ಬರ್ರಿ" ಎಂದೆ.

"ಅದೇನ ದೊಡ್ಡ ಮಾತ್ರಿ!" ಎಂದು ಬಸ್ಸು ಹತ್ತಿದರು.

ಸಂಜೆ ನಗುನಗುತ್ತ ಬಂದು ಒಂದು ಡಬ್ಬಿ ಕೈಗಿಟ್ಟರು. ತೆರೆದರೆ ಬೋರ್ಡಿನ ಮೇಲೆ ಬರೆಯುವ ಚಾಕ್. ಅರ್ಧ ಬಿಳಿ, ಅರ್ಧ ಬಣ್ಣದವು.

"ಮಾಸ್ತರ, ನಾ ಹೇಳಿದ್ದು ಫಟಫಟೀಗೆ!" ಎಂದೆ.

ಮಾಸ್ತರರು ಗಾಡಿಯನ್ನು ಹಿಂದೆ ಮುಂದೆ ನೋಡಿ ಗಂಭೀರವಾಗಿ ಹೇಳಿದರು: "ಹಂಗಾರ ಬಿಳೇದ ಬಳಸ್ರಿ. ಕರೇ ನಂಬರ್ ಪ್ಲೇಟಿನ ಮ್ಯಾಲ ಬಣ್ಣದ್ದು ಎದ್ದ ಕಾಣೂದಿಲ್ಲ."

ಭಜನೆಯ ತಂತಿ

ಕೇಬಲ್ಲಿಗಾಗಿ ಬೆಳಗಾವಿಯ ಅಂಗಡಿಗೆ ಕಾಗದ ಬರೆದೆ. ಅಷ್ಟರಲ್ಲಿ ಮೂಡಲಗಿಗೆ ಹೋಗುವ ಕೆಲಸ ಬಿತ್ತು. ಅಲ್ಲಿ ಭಜನಾ ಮೇಳದ ಹಿರಿಯರೊಬ್ಬರ ಎತ್ತಿಗೆ ಕಾಲುನೋವು. ನನ್ನ ಗೋಳು ಕೇಳಿ ಅವರು ಒಳಗೆ ಹೋಗಿ ತಂಬೂರಿಯ ಒಂದು ಹೊಸ ಉಕ್ಕಿನ ತಂತಿ ತಂದರು. "ದೇವರ ಸೇವಾಕ್ಕ ಇಟ್ಟಿದ್ದು. ದನದ ಸೇವಾನೂ ದೇವರದ ಅಲ್ಲೇನ್ರಿ? ತಗೋರಿ."

ಹಳೆಯ ಕೊಳವೆಯೊಳಗೆ ಆ ತಂತಿಯನ್ನು ತೂರಿಸಿ ಎರಡೂ ಕಡೆ ಗಂಟು ಬಿಗಿದೆವು. ಬಾಗಿಲು ತೆರೆಯಿತು, ಹೊಗೆ ನಿಂತಿತು. ಹಿರಿಯರಿಗೆ ಎಷ್ಟು ಖುಷಿಯೆಂದರೆ, ತಮ್ಮ ತಂತಿ ಕೆಲಸ ಮಾಡುವುದನ್ನು ನೋಡಲೇಬೇಕೆಂದು ನನ್ನ ಹಿಂದೆ ಹತ್ತಿ ಕುಳಿತರು. ಊರು ದಾಟಿ ಒಂದು ಮೈಲಿ ಹೋಗಿ ಬಂದೆವು. ಅವರು ಉದ್ದಕ್ಕೂ ಕಣ್ಣು ಮುಚ್ಚಿ ಕೇಳಿದರು. ಇಳಿದ ಮೇಲೆ ತಲೆಯಲ್ಲಾಡಿಸಿ ಅಂದರು: "ತಂತೀದೇನೂ ತಪ್ಪಿಲ್ರಿ. ನಿಮ್ಮ ಗಾಡೀದ ಗಂಟಲಾ ಸರಿ ಇಲ್ಲ."

ಹುಕ್ಕೇರಿಯ ವಕೀಲರು

ತಂಬೂರಿ ತಂತಿ ಒಂದು ವಾರ ಬಾಳಿತು. ಕಡೆಗೆ ಮಿಸ್ತ್ರಿ ಬೇಸತ್ತು ಚೋಕಿನ ಬಾಗಿಲನ್ನೇ ಕಿತ್ತು ನನ್ನ ಕಿಸೆಗೆ ಹಾಕಿದ. "ಕೇಬಲ್ ಬರೂ ತನಕ ಹಿಂಗ ಓಡಸ್ರಿ. ತಣ್ಣಗಿದ್ದಾಗ ಯಾರರೆ ಒಬ್ರು ಕಾರ್ಬೊರೇಟರ್ ಬಾಯಿ ಅಂಗೈಲೆ ಮುಚ್ಚಿ ಹಿಡೀಲಿ, ನೀವು ಕಿಕ್ ಹೊಡೀರಿ."

ಆ ಭಾನುವಾರವೇ ನಾನು ಹುಕ್ಕೇರಿಗೆ ಹೆಣ್ಣು ನೋಡಲು ಹೋಗಬೇಕಾಗಿತ್ತು. ಹುಡುಗಿಯ ತಂದೆ ವಕೀಲರು. ಕೋರ್ಟಿನಲ್ಲಿ ಹೇಗೋ ಗೊತ್ತಿಲ್ಲ, ಮನೆಯಲ್ಲಿ ಮಾತ್ರ ಎದುರು ಪಾರ್ಟಿಗೆ ಮಾತಿಗೆ ಅವಕಾಶವಿರಲಿಲ್ಲ. ಅವಲಕ್ಕಿ ಬಂತು, ಚಹಾ ಬಂತು, ಹುಡುಗಿಯೂ ಬಂದಳು. ನೋಡಿದೊಡನೆಯೇ ಆಕೆ ನನ್ನ ಮನಸ್ಸಿಗೆ ಹಿಡಿಸಿದಳು. 'ಏನು ಓದೀರಿ?' ಎಂದು ಕೇಳಲು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ವಕೀಲರು ಹಳೆಯ ಒಂದು ಜಮೀನಿನ ದಾವೆಯ ಮುಂದಿನ ತಾರೀಖಿಗೆ ಹೋದರು. ಹುಡುಗಿಯ ತಾಯಿ ಬಾಗಿಲ ಮರೆಯಲ್ಲಿ ನಿಂತು ನಿಟ್ಟುಸಿರು ಬಿಟ್ಟದ್ದು ನನಗೂ ಕೇಳಿಸಿತು.

ಎರಡು ತಾಸಿನ ಮೇಲೆ ಹೊರಗೆ ಬಂದರೆ ಮಾಗಿಯ ಚಳಿಗೆ ಗಾಡಿ ತಣ್ಣಗೆ ಕುಳಿತಿತ್ತು. ವಕೀಲರು ತಾವೇ ಮುಂದೆ ಬಂದರು. "ಏನ ಮಾಡಬೇಕು ಹೇಳ್ರಿ, ನಾ ಮಾಡ್ತೇನಿ." ಕಾರ್ಬೊರೇಟರ್ ಬಾಯಿ ತೋರಿಸಿ, ಅಂಗೈ ಎಲ್ಲಿಡಬೇಕೆಂದು ಹೇಳಿದೆ. ಬಗ್ಗಿ ಕುಳಿತು ಕೈ ಇಟ್ಟರು. ಆದರೆ ಕೈ ಆಡಿಸದೆ ಅವರಿಗೆ ಮಾತು ಬರುತ್ತಿರಲಿಲ್ಲ. ನಾನು ಕಿಕ್ ಹೊಡೆಯುವುದಕ್ಕೂ ಅವರು ಕೈ ಎತ್ತಿ, "ಆವಾಗ ಜಡ್ಜ್ ಸಾಹೇಬ್ರು ಏನಂದ್ರು ಅಂದ್ರ..." ಎನ್ನುವುದಕ್ಕೂ ಸರಿಹೋಗುತ್ತಿತ್ತು. ಹತ್ತು ಕಿಕ್ ಆಯಿತು. ಓಣಿಯ ಕಟ್ಟೆಗಳೆಲ್ಲ ತುಂಬಿದವು. ಕಿಟಕಿಯಲ್ಲಿ ಹುಡುಗಿ ನಿಂತು ನೋಡುತ್ತಿದ್ದಳು. ಹದಿನೈದನೆಯ ಕಿಕ್ಕಿಗೆ ನನಗೆ ಉಸಿರೂ ಹೋಯಿತು, ವಿವೇಕವೂ ಹೋಯಿತು.

"ವಕೀಲರ, ಬಾಯಿ ಮುಚ್ರಿ!" ಎಂದು ಚೀರಿದೆ. "ಪೂರಾ ಬಾಯಿ ಮುಚ್ರಿ! ನಾ ಹೇಳೂ ತನಕ ತಗೀಬ್ಯಾಡ್ರಿ!"

ವಕೀಲರು ಎರಡೂ ಬಾಯಿ ಮುಚ್ಚಿದರು. ಗಾಡಿ ಒಂದೇ ಕಿಕ್ಕಿಗೆ ಚಾಲೂ ಆಯಿತು. ಇಳಿದು ತಪ್ಪಾಯಿತೆನ್ನೋಣವೆಂದರೆ ಎಂಜಿನ್ ನಿಂತೀತೆಂಬ ಭಯ. ಹಾಗೆಯೇ ಓಡಿಸಿಕೊಂಡು ಗೋಕಾಕಕ್ಕೆ ಬಂದುಬಿಟ್ಟೆ. ಸಂಬಂಧ ಮುರಿಯಿತೆಂದು ಎರಡು ದಿನ ಊಟ ರುಚಿಸಲಿಲ್ಲ.

ಮೂರನೆಯ ದಿನ, ಸಂಬಂಧ ತಂದಿದ್ದ ಕಾಕಾ ನಗು ತಡೆಯಲಾರದೆ ನಮ್ಮ ಮನೆಗೆ ಬಂದರು. "ಅವರಿಗೆ ಕಬೂಲ್ ಐತಿ" ಎಂದರು.

"ವಕೀಲರು ಒಪ್ಪಿದ್ರಾ?"

"ವಕೀಲರನ್ನ ಕೇಳಿದವರ‍್ಯಾರು? ಅವರ ಮನಿಯಾಕಿ ತೀರ್ಪ ಕೊಟ್ಟಾರ. 'ಇಪ್ಪತ್ತೆಂಟ ವರ್ಷ ಸಂಸಾರ ಮಾಡಿ ನಾ ಒಮ್ಮಿನೂ ಅನ್ನಾಕ ಆಗಲಾರದ್ದನ್ನ ಈ ಹುಡುಗ ಮೊದಲನೇ ಭೇಟಿಗೆ ಅಂದಾನ. ಕೊಟ್ರ ಮಗಳನ್ನ ಇವನಿಗೆ ಕೊಡೂದು!'"