ಕೆಲಗೇರಿ ಇಳುಕಲಿನ ಬ್ರೇಕ್ ಪರೀಕ್ಷೆ

ಸೈಕಲ್ಲಿಗೆ ಒಂಬತ್ತು ಸಾವಿರ. ಅದಕ್ಕೆ ಹಾಕಿಸಲು ತಂದ ಹೊಸ ಬ್ರೇಕಿನ ಜೋಡಿಗೆ ಹನ್ನೊಂದು ಸಾವಿರ. ಹೊಸ ಗಾಲಿಗಳೆರಡಕ್ಕೆ ಹದಿನಾಲ್ಕು ಸಾವಿರ. ಎತ್ತಿಗಿಂತ ಮೂಗುದಾಣ ತುಟ್ಟಿಯಾದ ಈ ವ್ಯವಹಾರವನ್ನು ಅಮರೇಶ ಹೆಂಡತಿಗೆ ಒಮ್ಮೆಲೇ ಹೇಳಲಿಲ್ಲ. ಒಂದೊಂದು ಅಂಕಿಯನ್ನು ಒಂದೊಂದು ದಿನ, ಊಟವಾದ ಮೇಲೆ, ಎಲೆ ಅಡಿಕೆ ಕೊಟ್ಟಂತೆ ಕೊಟ್ಟ. ಕೂಡಿಸುವ ಕೆಲಸವನ್ನು ದಾಕ್ಷಾಯಿಣಿಯೇ ಮಾಡಿಕೊಂಡಳು.

ಅಮರೇಶ ಧಾರವಾಡದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕ. ವಯಸ್ಸು ನಲವತ್ಮೂರು. ಓದು ಮುಗಿಸಿ ಊರಿಗೆ ಹೊರಟ ಹುಡುಗನೊಬ್ಬನಿಂದ ಆ ಸೈಕಲ್ಲು ಕೊಂಡಿದ್ದ. ಗುಡ್ಡದ ಮೇಲಿಂದ ಇಳಿಯಲೆಂದೇ ಮಾಡಿದ ಸೈಕಲ್ಲು ಅದು. ಹನ್ನೆರಡು ವರ್ಷ ಹಳೆಯದಾದರೂ ಮುಂದಿನ ಗಾಲಿ ಹಿಡಿದ ಕಾಲುಗಳು ಮೋಟಾರ್ ಸೈಕಲ್ಲಿನಷ್ಟು ದಪ್ಪ, ಹಿಂದೆ ಮುಂದೆ ಸ್ಪ್ರಿಂಗು, ಮೈಯೆಲ್ಲ ಕಪ್ಪು. ಓಣಿಯವರು ಅದಕ್ಕೆ ಎಮ್ಮಿ ಎಂದು ಹೆಸರಿಟ್ಟಿದ್ದರು. ಅದಕ್ಕಿದ್ದದ್ದು ಒಂದೇ ದೋಷ, ನಿಲ್ಲುತ್ತಿರಲಿಲ್ಲ.

ಹೋದ ತಿಂಗಳು ಅಮರೇಶ ಮೇಲಿನ ಓಣಿಯಿಂದ ಇಳಿದು ಬರುವಾಗ ಬ್ರೇಕು ಹಿಡಿಯದೆ, ಪಕ್ಕದ ಮನೆಯ ಶಿವಲಿಂಗವ್ವ ಹೊರಸಿನ ಮೇಲೆ ಒಣಹಾಕಿದ್ದ ಐದು ಸೇರು ಶಾವಿಗೆಯ ನಡುವೆ ಹಾದು ಹೋಗಿದ್ದ. ಮನೆಗೆ ಬಂದಾಗ ಮದುಮಗನ ಬಾಸಿಂಗದಂತೆ ಶಾವಿಗೆ ಹಣೆಯಿಂದ ಇಳಿಬಿದ್ದಿತ್ತು. ಅಂದೇ ದಾಕ್ಷಾಯಿಣಿ ತೀರ್ಮಾನ ಹೇಳಿದಳು. ಜಗಳವಾಡಲಿಲ್ಲ, ಜಗಳವಾಡಿದ್ದರೆ ಅಮರೇಶನಿಗೆ ಧೈರ್ಯ ಬರುತ್ತಿತ್ತು.

"ಎರಡನೇ ಶನಿವಾರ ಸಂಜಿ ಐದಕ್ಕ ಕೆರಿ ಇಳುಕಲಿನ ಮ್ಯಾಲಿಂದ ಬರ್ರಿ. ಕೆಳಗ ನಾ ಗೆರಿ ಹೊಡದಿರತೇನಿ. ಸೈಕಲ್ ಗೆರಿ ದಾಟದಂಗ ನಿಂತ್ರ ಮನ್ಯಾಗ ಇರ್ಲಿ. ದಾಟ್ತು ಅಂದ್ರ ರವಿವಾರ ಮುಂಜಾನಿ ಗುಜರಿಯವಗ ಕೊಡತೇನಿ, ಕೆ.ಜಿ. ಲೆಕ್ಕದಾಗ."

ಕೆಲಗೇರಿ ಕೆರೆಯ ದಂಡೆಗೆ ಇಳಿಯುವ ಆ ಮಣ್ಣಿನ ಇಳುಕಲಿನಲ್ಲಿ ಎಮ್ಮೆಗಳೇ ಅಡ್ಡಡ್ಡ ನಡೆಯುತ್ತವೆ. ಅಮರೇಶ ಒಪ್ಪಿದ. ಜೀವಮಾನದಲ್ಲಿ ತನಗಾಗಿ ಅವನು ಕೊಂಡ ವಸ್ತು ಅದೊಂದೇ.

ಶನಿವಾರ ಬೆಳಗಿನ ಏಳಕ್ಕೆ ಬ್ರೇಕು, ಗಾಲಿ, ಎಮ್ಮಿ ಎಲ್ಲವನ್ನೂ ಅಹಮದಸಾಬನ ಸೈಕಲ್ ಅಂಗಡಿಯ ಮುಂದೆ ಇಳಿಸಿದ. ಅಹಮದಸಾಬ ನಲವತ್ತು ವರ್ಷದ ಕೈ. ಹಳೆಯ ಗಾಲಿ ಬಿಚ್ಚಿ ಹೊಸದನ್ನು ಮುಂದಿನ ಕಾಲುಗಳ ನಡುವೆ ಇಟ್ಟು ನೋಡಿದ. ಕಾಲಿನ ತೂತು ಹೆಬ್ಬೆರಳಿನಷ್ಟು, ಗಾಲಿಯ ಅಚ್ಚು ಕಿರುಬೆರಳಿನಷ್ಟು. ದೊಡ್ಡ ಉಂಗುರದಲ್ಲಿ ಸಣ್ಣ ಬೆರಳಿನಂತೆ ಅದು ಗಡಗಡ ಆಡಿತು.

"ಅಮರೇಶಣ್ಣ, ಈ ಸೈಕಲ್ ಹುಟ್ಟಿದಾಗ ಅಚ್ಚು ದಪ್ಪ ಇದ್ವು. ಈಗಿನ ಹುಡುಗೂರಂಗ ಈಗಿನ ಅಚ್ಚೂ ಸಣಕಲ ಆಗ್ಯಾವ," ಅಂದ ಅಹಮದಸಾಬ. "ನಡುವಿನ ಸಂದು ತುಂಬಾಕ ಒಂದು ಬುಷ್ ಬೇಕು. ಹುಬ್ಬಳ್ಳಿ ಗೋಕುಲ ರಸ್ತೇದಾಗ ಲೇಥಿನವರ ಕಡೆ ಹೋಗು. ಅಷ್ಟರಾಗ ನಾ ಬ್ರೇಕ್ ಕೂಡಸ್ತೇನಿ."

ಗಾಲಿಯನ್ನು ಹಳೆಯ ಚಾದರದಲ್ಲಿ ಸುತ್ತಿ, ಬಗಲಲ್ಲಿ ಹಿಡಿದು ಅಮರೇಶ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ಹೋದ. ಗೇಟಿನ ಕಾವಲುಗಾರ ತಡೆದ. ಗಾಲಿ ಎಂದರೆ ಒಳಗೆ ಬಿಡುವ ಮುಖ ಅದಲ್ಲ. ಆದರೆ ಚಾದರದ ಗುಂಡಗಿನ ಆಕಾರ ನೋಡಿ ಅವನೇ ಮೆತ್ತಗಾಗಿ, ಡೊಳ್ಳು ಯಾವ ಊರಿನ ಮೇಳದ್ದು ಎಂದು ಕೇಳಿದ. ಅಮರೇಶ ಕೆಲಗೇರಿಯದು ಅಂದ. ಬಸ್ಸಿನಲ್ಲಿ ಒಬ್ಬ ಮುದುಕ ಒಂದು ಪೆಟ್ಟು ಬಾರಿಸಿ ತೋರಿಸು ಎಂದು ನವನಗರದವರೆಗೂ ಬೆನ್ನು ಬಿಡಲಿಲ್ಲ. ಸೂತಕ ಐತಿ ಎಂದು ಹೇಳಿ ಪಾರಾದ.

ಲೇಥಿನ ಅಂಗಡಿಯಲ್ಲಿ ಕರೆಂಟಿರಲಿಲ್ಲ. ಹತ್ತಕ್ಕೆ ಬರುತ್ತದೆ ಅಂದರು, ಹನ್ನೊಂದಕ್ಕೂ ಬರಲಿಲ್ಲ. ನಾಳೆ ಬಾ ಎಂದರೆ ಅಮರೇಶ ಕದಲಲಿಲ್ಲ. ಗಾಲಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲೇ ಕೂತ. ಇವನನ್ನು ದಾಟಿಕೊಂಡು ಚಹಾಕ್ಕೆ ಹೋಗಿ ಬಂದು ಬೇಸತ್ತ ಲೇಥಿನವನು, ಕರೆಂಟು ಬಂದ ಗಳಿಗೆಯಲ್ಲಿ ಬೇರೆ ಕೆಲಸ ಬದಿಗಿಟ್ಟು ಎರಡು ಬುಷ್ ಕಡೆದುಕೊಟ್ಟ. ಆರುನೂರು ರೂಪಾಯಿ. ಅಮರೇಶ ಚೌಕಾಶಿ ಮಾಡಲಿಲ್ಲ. ಗೆರೆ ಕಣ್ಣ ಮುಂದೆ ಇತ್ತು.

ಒಂದೂವರೆಗೆ ಎಲ್ಲ ಕೂಡಿತು. ಗಾಲಿ ಭದ್ರ, ಬ್ರೇಕು ಭದ್ರ. ಆದರೆ ಹೊಸ ಬ್ರೇಕು ಹೊಸ ಸೊಸೆಯ ಹಾಗಲ್ಲ, ಮೊದಲ ದಿನವೇ ಬಾಯಿ ಮಾಡಿತು. ಹಿಂದಿನದನ್ನು ಹಿಡಿದರೆ ಹಂದಿ ಹಿಡಿದ ಹಾಗೆ ಚೀರುತ್ತಿತ್ತು. ನಾಲ್ಕು ದಿನ ಓಡಿಸಿದರೆ ತಾನೇ ಸುಮ್ಮನಾಗುತ್ತದೆ, ಯಾರೂ ಕೈ ಹಚ್ಚಬೇಡಿ ಎಂದು ಅಹಮದಸಾಬ ಹೇಳಿ ಕಳಿಸಿದ. ಮನೆಯ ಮುಂದೆ ಅಮರೇಶ ನಾಲ್ಕು ಸಲ ಹಿಡಿದು ನೋಡಿದ. ನಾಲ್ಕೂ ಸಲ ಎದುರು ಮನೆಯ ನಿವೃತ್ತ ಹೆಡ್ ಕ್ಲಾರ್ಕ್ ವೆಂಕಣ್ಣ ಕಾಕಾ ಮಧ್ಯಾಹ್ನದ ನಿದ್ದೆಯಿಂದೆದ್ದು ಕಿಟಕಿಗೆ ಬಂದರು.

ಆಮೇಲೆ ಶಿವಲಿಂಗವ್ವ ಬಂದಳು. ಶಾವಿಗೆಯ ಸಿಟ್ಟು ಆಕೆಗೆ ಇಳಿದಿತ್ತು. ಹೊಸ ಗಾಲಿ ಹಾಕಿದ ಬಂಡಿ ಪೂಜೆಯಿಲ್ಲದೆ ಇಳುಕಲಿಗೆ ಹೋಗಬಾರದು ಎಂದು ವಿಭೂತಿ ಹಿಡಿದೇ ಬಂದಿದ್ದಳು. ಹಣೆ ಯಾವುದು ಎಂದು ಹುಡುಕಿದಳು. ಮುಂದಿನ ಗಾಲಿಯ ನಡುವೆ ಥಳಥಳ ಹೊಳೆಯುವ ಬ್ರೇಕಿನ ಬಿಲ್ಲೆ ಕಂಡಿತು. ಅದರ ಎರಡೂ ಮಗ್ಗುಲಿಗೆ ಮೂರು ಬೆರಳಿನಿಂದ ದಪ್ಪಗೆ ಎಳೆದಳು. ಹಿರಿಯರಿಗೆ ಬ್ಯಾಡ ಅನ್ನಲಾಗದೆ ಅಮರೇಶ ಕೈಮುಗಿದು ಊಟಕ್ಕೆ ಹೋದ. ಊಟ ಮಾಡಿ ಬಂದು ಹಿಂದಿನ ಬ್ರೇಕು ಹಿಡಿದರೆ ಚೀರಾಟ ನಿಂತಿತ್ತು. ಅಹಮದಸಾಬ ನಾಲ್ಕು ದಿನ ಅಂದಿದ್ದ, ನಾಲ್ಕು ರೊಟ್ಟಿಯ ಹೊತ್ತಿನಲ್ಲೇ ಅದು ಪಳಗಿತ್ತು. ಒಳ್ಳೆಯ ಶಕುನ ಅಂದುಕೊಂಡ.

ಐದಕ್ಕೆ ಇಳುಕಲಿನ ಬುಡದಲ್ಲಿ ಓಣಿಯೇ ನೆರೆದಿತ್ತು. ನೀರಿಗೆ ಎರಡು ಮಾರು ಮುಂಚೆ ದಾಕ್ಷಾಯಿಣಿ ರಂಗೋಲಿ ಹಿಟ್ಟಿನಿಂದ ಗೆರೆ ಎಳೆದಿದ್ದಳು. ಸುಣ್ಣದ ದಾರ ಹಿಡಿದಂತೆ ನೆಟ್ಟಗಿತ್ತು. ವೆಂಕಣ್ಣ ಕಾಕಾ ಕೇಳದಿದ್ದರೂ ಪಂಚರಾಗಿ ಗೆರೆಯ ಪಕ್ಕ ಕೊಡೆ ಊರಿ ನಿಂತಿದ್ದರು.

ಎಮ್ಮಿಯನ್ನು ಮೇಲಕ್ಕೆ ದಬ್ಬಿಕೊಂಡು ಹೋದ ಅಮರೇಶ ಕೆಳಗೆ ನೋಡಿದ. ತಿರುಗಿ ಹೋಗೋಣವೆನ್ನಿಸಿತು. ಗುಜರಿಯವನ ತಕ್ಕಡಿ ನೆನಪಾಯಿತು. ಕಾಲೆತ್ತಿದ.

ಎಮ್ಮಿ ಅಂದು ಎಮ್ಮೆಯಾಗಿರಲಿಲ್ಲ. ಕಲ್ಲು ಕೊರಕಲುಗಳ ಮೇಲೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಹೊಸ ಗಾಲಿ ನೆಲ ಬಿಡಲಿಲ್ಲ. ಜನ ಬಾಯಿ ತೆರೆದದ್ದು ಅವನಿಗೆ ಕಂಡಿತು, ನಲವತ್ಮೂರು ವರ್ಷದಲ್ಲಿ ಮೊದಲ ಸಲ ತಾನೂ ಏನೋ ಒಂದು ಅನ್ನಿಸಿತು. ಗೆರೆ ಹತ್ತು ಮಾರು ದೂರ ಇರುವಾಗ ಹಿಂದಿನ ಬ್ರೇಕು ಹಿಡಿದ. ಗಾಲಿ ಕೇಳಿಸಿಕೊಳ್ಳಲಿಲ್ಲ. ಇನ್ನೂ ಬಿಗಿ ಹಿಡಿದ. ತಿಪ್ಪೆಯ ಮೇಲೆ ಕಾಲಿಟ್ಟ ಹಾಗೆ ಜಾರಿತು. ಉಳಿದದ್ದು ಮುಂದಿನ ಬ್ರೇಕು. ಇದ್ದಬದ್ದ ಶಕ್ತಿಯಿಂದ ಹಿಡಿದ.

ಶಿವಲಿಂಗವ್ವನ ವಿಭೂತಿ ತಿಂದ ಬ್ರೇಕು ಕಚ್ಚಿತು ನೋಡಿ, ಎಮ್ಮಿ ಗೂಟಕ್ಕೆ ಕಟ್ಟಿದಂತೆ ನಿಂತಿತು. ಹಿಂಗಾಲು ಎತ್ತಿತು, ಒಡೆಯನನ್ನು ಕೊಡವಿತು, ಮತ್ತೆ ಹಿಂಗಾಲು ಇಳಿಸಿ ಮೆಲ್ಲಗೆ ಮಗ್ಗುಲಾಯಿತು. ಅಮರೇಶ ಗೆರೆಯ ಮೇಲಿಂದ, ಕಾಕಾನ ಕೊಡೆಯ ಮೇಲಿಂದ ಹಾರಿ ಕೆರೆಯಲ್ಲಿ ಕೂತ. ಸೊಂಟದ ಮಟ್ಟ ನೀರು. ತಲೆಯ ಮೇಲೆ ಒಂದು ಹಿಡಿ ಪಾಚಿ.

ಮೊದಲು ಮಾತಾಡಿದವರು ಕಾಕಾ. "ಹಿಂದಿಂದು ಭಾಳ ಚೀರತಿತ್ತು, ಪಾಪ. ನೀ ಊಟಕ್ಕ ಹೋದಾಗ ನಾನಽ ಹೊಲಿಗಿ ಮಷಿನ್ನಿನ ಎಣ್ಣಿ ಬಿಟ್ಟಿದ್ದೆ. ಅರ್ಧ ಡಬ್ಬಿ ಆತು. ಈಗ ಸಪ್ಪಳ ಬಂತೇನು ಹೇಳು?"

ಅಮರೇಶನ ಕಣ್ಣು ಗೆರೆಯ ಮೇಲಿತ್ತು. ದಾಕ್ಷಾಯಿಣಿ ಬಗ್ಗಿ ನೋಡಿದಳು. ಮುಂದಿನ ಗಾಲಿ ರಂಗೋಲಿಯನ್ನು ಮುಟ್ಟಿತ್ತು, ದಾಟಿರಲಿಲ್ಲ.

"ದಾಟಿಲ್ಲ," ಅಂದಳು. "ಮಾತು ಅಂದ್ರ ಮಾತು. ಸೈಕಲ್ ಮನ್ಯಾಗ ಇರ್ತೈತಿ."

ನೀರಿನಲ್ಲೇ ಎದ್ದು ನಿಂತ ಅಮರೇಶನ ಮುಖ ಪಾಚಿಯ ಕೆಳಗೆ ಅರಳಿತು. ಅವಳ ಮಾತು ಮುಗಿದಿರಲಿಲ್ಲ.

"ಆದ್ರ ನೀವು ದಾಟೀರಿ. ಸೈಕಲ್ ಪಾಸ್, ನೀವು ನಾಪಾಸ್. ನಾಪಾಸಾದವರ ಕೈಯಾಗ ಪಾಸಾದದ್ದು ಹೆಂಗ ಕೊಡ್ಲಿ?"

ಪಂಚರು ಕೊಡೆ ಅಲ್ಲಾಡಿಸಿ ನ್ಯಾಯ ಖರೇ ಅಂದರು. ಹಾಗಾದರೆ ಅದನ್ನು ಹೊಡೆಯುವವರು ಯಾರು ಎಂದು ಅಮರೇಶ ಕೇಳಿದ. ದಾಕ್ಷಾಯಿಣಿ ಓಢಣಿಯನ್ನು ಸೊಂಟಕ್ಕೆ ಬಿಗಿದು, ಎಮ್ಮಿಯನ್ನು ಎತ್ತಿ ನಿಲ್ಲಿಸಿ, ಒಂದೇ ಜಿಗಿತಕ್ಕೆ ಏರಿ ಕೂತಳು. ಹಿಂದೆ ಬ್ರೇಕಿಲ್ಲ, ಜ್ವಾಕಿ ಎಂದು ಅವನು ನೀರಿನಿಂದಲೇ ಕೂಗಿದ.

"ನಮ್ಮ ತವರೂರು ಸುಳ್ಳದಿಂದ ಹುಬ್ಬಳ್ಳಿಗೆ ಐದು ವರ್ಷ ಸೈಕಲ್ ಮ್ಯಾಲ ಸಾಲಿಗೆ ಹೋಗೇನ್ರಿ ನಾ," ಅಂದಳು ಆಕೆ. "ನಮ್ಮಪ್ಪನ ಸೈಕಲ್ಲಿಗೆ ಬ್ರೇಕ್ ಇರಲೇ ಇಲ್ಲ."

ಕೆರೆ ಏರಿಯ ಮೇಲೆ ಅವಳು ಹೋದ ಬಿರುಸು ನೋಡಿ ಶಿವಲಿಂಗವ್ವ ತನ್ನ ಶಾವಿಗೆ ಒಳಗಿವೆಯೋ ಹೊರಗಿವೆಯೋ ಎಂದು ಮನೆಯ ಕಡೆ ಓಡಿದಳು. ಅಮರೇಶ ನಡೆದೇ ಮನೆ ಸೇರಿದ. ಸೋಮವಾರದಿಂದ ದಾಕ್ಷಾಯಿಣಿ ಸಂತೆಗೆ, ಬ್ಯಾಂಕಿಗೆ, ತವರಿಗೆ ಎಲ್ಲ ಎಮ್ಮಿಯ ಮೇಲೆಯೇ ಹೋದಳು. ಎಣ್ಣೆ ಒರೆಸಿ ಬ್ರೇಕು ತಿಕ್ಕುವ ಕೆಲಸ ಅಮರೇಶನಿಗೆ ಬಂತು. ಮೂವತ್ನಾಲ್ಕು ಸಾವಿರದ ಆರುನೂರು ರೂಪಾಯಿಗೆ ಸೈಕಲ್ಲು ಉಳಿಯಿತು, ಸವಾರಿ ಹೋಯಿತು. ಅಮರೇಶನ ಎಡಗಾಲಿನ ಬೂಟು ಇನ್ನೂ ಕೆರೆಯಲ್ಲೇ ಇದೆ.