ಪಾಯಿಂಟ್ ಮೇಲೆ ಬಂದ ಅತ್ತೆ

ಪುಕ್ಕಟೆ ಅನ್ನುವ ಬೋರ್ಡು ಕಂಡಲ್ಲಿ ನಮ್ಮವರು ನಿಲ್ಲುತ್ತಾರೆ, ನಮ್ಮವರು ನಿಂತಲ್ಲಿ ಏನಾದರೊಂದು ನಡೆಯುತ್ತದೆ, ನಡೆದದ್ದು ಮರುದಿನ ನನ್ನ ಟೇಬಲ್ಲಿಗೆ ಬಂದು ಚಹಾ ಕುಡಿಯುತ್ತದೆ. ನಾನಾಗ ಲಂಡನ್ನಿನ ಟೂಟಿಂಗ್‌ನ ಒಂದು ಸಣ್ಣ ಟ್ರಾವೆಲ್ ಏಜೆನ್ಸಿಯಲ್ಲಿ ವಿಮಾನದ ಟಿಕೆಟ್ ಮಾರುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ಅಂಗಡಿಯವರು ಕಾರ್ಡನ್ನು ಮಷಿನ್ನಿಗೆ ಹಾಕಿ ಚರಕ್ ಎಂದು ಎಳೆದು, ನಮ್ಮ ಸಹಿಯನ್ನು ಅನುಮಾನದಿಂದ ನೋಡುತ್ತಿದ್ದ ಕಾಲ. ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ನಿಜ, ಕಾಲು ನನ್ನದು. ನನ್ನ ಹೆಂಡತಿಯನ್ನು ಕೇಳಿದರೆ ಆಕೆ ಇದನ್ನೇ ತಿರುವುಮುರುವು ಮಾಡಿ ಹೇಳುತ್ತಾಳೆ.

ವಧುಪರೀಕ್ಷೆ

ನಮ್ಮ ಪಕ್ಕದ ಬೀದಿಯಲ್ಲಿ ಮೈಸೂರಿನ ಒಬ್ಬ ಡಾಕ್ಟರಿದ್ದರು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಕೆಲಸ. ಹೆಂಡತಿ ಧಾರವಾಡದವಳು. ನಾನೂ ಆ ಊರಿನವನೇ ಆದ್ದರಿಂದ ನನ್ನನ್ನು ಅಣ್ಣಾ ಅನ್ನುತ್ತಿದ್ದಳು. ಆ ಅಕ್ಟೋಬರಿನಲ್ಲಿ ಆಕೆಗೆ ಮೂರು ತಿಂಗಳು. ಬಾಣಂತನಕ್ಕೆ ಧಾರವಾಡದಿಂದ ಅವಳ ತಾಯಿ ಬರಬೇಕೆನ್ನುವುದರಲ್ಲಿ ಎರಡು ಮಾತಿರಲಿಲ್ಲ. ಡಾಕ್ಟರ ತಕರಾರು ಅತ್ತೆಯ ಮೇಲಲ್ಲ, ಅತ್ತೆಯ ಟಿಕೆಟ್ಟಿನ ಮೇಲೆ.

"ನನ್ನ ಹತ್ರ ತಗೊಳ್ಳಿ ಡಾಕ್ಟ್ರೇ, ಕಡಿಮೆ ಮಾಡಿ ಕೊಡ್ತೀನಿ," ಅಂದೆ.

"ಕಡಿಮೆ ಯಾಕೆ ರಾಯರೇ? ಒಂದು ಪೆನ್ನಿ ಕೊಡದೆ ಕರೆಸ್ತೀನಿ, ನೋಡ್ತಿರಿ."

ಅವರ ಆಸ್ಪತ್ರೆಯಲ್ಲಿ ಯಾರೋ, ಖರ್ಚು ಮಾಡಿದಷ್ಟೂ ಸಿಗುವ ಕ್ರೆಡಿಟ್ ಕಾರ್ಡಿನ ಪಾಯಿಂಟ್ ಕೂಡಿಸಿ ಹೆಂಡತಿಯೊಡನೆ ಸ್ಪೇನಿಗೆ ಹೋಗಿ ಬಂದಿದ್ದರಂತೆ. ಅಂದಿನಿಂದ ಡಾಕ್ಟರು ಸಿಕ್ಕ ಸಿಕ್ಕ ಬ್ಯಾಂಕಿನ ಬಣ್ಣದ ಕಾಗದ ತಂದು ನನ್ನ ಟೇಬಲ್ಲಿನ ಮೇಲೆ ಜಾತಕದಂತೆ ಹರಡಿಕೊಂಡು ಕೂತರು. ಒಂದು ಕಾರ್ಡು ಪೆಟ್ರೋಲ್ ಕೊಡುತ್ತದೆ, ಆದರೆ ಬಡ್ಡಿ ಮುಂಗೋಪಿ. ಇನ್ನೊಂದು ಪಿಂಗಾಣಿ ತಟ್ಟೆ ಕೊಡುತ್ತದೆ, ಮನೆತನ ಸರಿಯಿಲ್ಲ. ಮತ್ತೊಂದು ವಿಮಾನದ ಪಾಯಿಂಟ್ ಕೊಡುತ್ತದೆ, ನೋಡಲಿಕ್ಕೂ ಲಕ್ಷಣವಾಗಿದೆ, ಆದರೆ ವರ್ಷವರ್ಷ ಫೀ ಕೇಳುತ್ತದೆ. ತಿಂಗಳಾದರೂ ಗುಣಗಳು ಕೂಡಿಬರಲಿಲ್ಲ.

ಒಂದು ದಿನ ಅವರ ಹೆಂಡತಿಯೂ ಜೊತೆಗೆ ಬಂದಳು. "ನೋಡ್ರಿ ಅಣ್ಣಾ, ನನ್ನ ನೋಡಾಕ ಬಂದಾಗ ಇವರು ಅರ್ಧ ತಾಸಿನ್ಯಾಗ ಹೂಂ ಅಂದ್ರು. ಉಪ್ಪಿಟ್ಟು ಇನ್ನಾ ಆರಿರಲಿಲ್ಲ."

ಡಾಕ್ಟರು ಕಾಗದದಿಂದ ತಲೆ ಎತ್ತಲಿಲ್ಲ. "ನಿನಗೂ ವರ್ಷವರ್ಷ ಫೀ ಇದೆ ಅಂತ ಆಗ ಯಾರೂ ಹೇಳಲಿಲ್ಲ."

"ನೀವು ಕಾರ್ಡರೆ ಉಜ್ಜಿರಿ, ಗಂಧಾರೆ ತೇಯಿರಿ. ನನಗ ನೋವು ಬರೂದರಾಗ ನಮ್ಮವ್ವ ಈ ಮನ್ಯಾಗ ಇರಬೇಕು. ಇರಲಿಲ್ಲಾಂದ್ರ ಬಾಣಂತನ ನೀವ ಮಾಡ್ರಿ!"

ಅರ್ಧ ತಾಸಿನಲ್ಲಿ ಡಾಕ್ಟರು ವಿಮಾನದ ಕಾರ್ಡಿಗೆ ಹೂಂ ಅಂದರು.

ಪರ್ಸಿನ ಬಣ್ಣ

ಹೊರಗೆ ಊಟಕ್ಕೆ ಹೋದಾಗ ಬಿಲ್ಲಿಗಾಗಿ ಜಗಳಾಡುವುದು ನಮ್ಮಲ್ಲಿ ಒಂದು ಕಲೆ. "ನಾನು ಕೊಡ್ತೀನಿ" ಎಂದು ಕೂಗಬೇಕು, ಎದುರಿನವನ ಕೈ ಹಿಡಿಯಬೇಕು, ಆದರೆ ಹಿಡಿತ ಎಷ್ಟು ಸಡಿಲ ಇರಬೇಕು ಅನ್ನುವುದು ಅನುಭವದಿಂದ ಬರಬೇಕು. ನಮ್ಮ ಗುಂಪಿನಲ್ಲಿ ಈ ಕಲೆಯ ಉಸ್ತಾದರು ಒಬ್ಬ ಅಕೌಂಟೆಂಟರು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಅವರೇ. ಅವರ ಪರ್ಸು ಮಾತ್ರ ಯಾವಾಗಲೂ ಕೋಟಿನಲ್ಲಿ ಇರುತ್ತಿತ್ತು, ಕೋಟು ಯಾವಾಗಲೂ ಬಾಗಿಲ ಹತ್ತಿರದ ಗೂಟದಲ್ಲಿ.

ಡಾಕ್ಟರ ಕೈಗೆ ಕಾರ್ಡು ಬಂದಮೇಲೆ ಈ ಕಲೆ ಹಾಳಾಯಿತು. ಟೂಟಿಂಗ್‌ನ ದೋಸೆ ಹೋಟೆಲಿಗೆ ನಾಲ್ಕು ಮನೆಯವರು ಹೋಗಿದ್ದೆವು. ಬಿಲ್ಲು ಇನ್ನೂ ಮಾಣಿಯ ಕೈಯಲ್ಲಿ ಅಡುಗೆಮನೆಯ ಬಾಗಿಲು ದಾಟುತ್ತಿತ್ತು, ಡಾಕ್ಟರು ಎದ್ದು ಹೋಗಿ ಅಲ್ಲೇ ಕಸಿದುಕೊಂಡರು. ಕಾರ್ಡು ಚರಕ್ ಎಂದಿತು. ಹೊರಗೆ ಬಂದು ಫುಟ್‌ಪಾತಿನ ಮೇಲೆ ಒಬ್ಬೊಬ್ಬರ ಪಾಲನ್ನೂ ನಗದಾಗಿ ವಸೂಲಿ ಮಾಡಿದರು. ದುಡ್ಡು ನಮ್ಮದು, ಪಾಯಿಂಟ್ ಅವರದು. ಹೀಗೆ ಎರಡು ಮೂರು ಸಲ ನಡೆಯಿತು.

ಮುಂದಿನ ಸಲ ಅಕೌಂಟೆಂಟರಿಗೆ ಧೈರ್ಯ ಬಂದಿತ್ತು. ಡಾಕ್ಟರು ಬಿಡುವುದಿಲ್ಲ ಎಂದು ಖಾತ್ರಿಯಿತ್ತಲ್ಲ! ಇಡೀ ಹೋಟೆಲಿಗೆ ಕೇಳುವಂತೆ, "ಇವತ್ತು ಯಾರೂ ಕೈ ಹಾಕಬಾರದು. ಎಲ್ಲಾ ನಂದು. ನನ್ನಾಣೆ!" ಅಂದರು.

ನಾನು ಡಾಕ್ಟರ ಎರಡೂ ಕೈ ಹಿಡಿದುಕೊಂಡೆ, ಸಡಿಲವಾಗಿ ಅಲ್ಲ. "ಬಿಡಿ ಡಾಕ್ಟ್ರೇ, ಹಿರಿಯರು ಆಣೆ ಹಾಕಿದ್ದಾರೆ. ಮೀರಬಾರದು."

ಅಕೌಂಟೆಂಟರು ಎದ್ದರು, ಕೋಟಿನವರೆಗೆ ನಡೆದರು, ತಿರುಗಿ ಒಮ್ಮೆ ನನ್ನನ್ನು ನೋಡಿದರು. ಅವರ ಹೆಂಡತಿ ನನ್ನ ಹೆಂಡತಿಯ ಕಿವಿಯಲ್ಲಿ ಅಂದಳಂತೆ: "ಮದುವೆಯಾಗಿ ಹದಿನೆಂಟು ವರ್ಷ ಆಯ್ತು ಕಣ್ರೀ. ಇವರ ಪರ್ಸು ಕಂದು ಬಣ್ಣ ಅಂತ ನನಗೆ ಇವತ್ತು ಗೊತ್ತಾಯ್ತು."

ಮೇಲಕ್ಕೆ ಹೋದ ಚೌಕಾಸಿ

ಸಂಕ್ರಾಂತಿಯ ಸಾಮೂಹಿಕ ಊಟಕ್ಕೆ ಸಾಮಾನು ತರುವ ಕೆಲಸ ಯಾರಿಗೂ ಬೇಡದ್ದು. ಆ ವರ್ಷ ಡಾಕ್ಟರು ತಾವಾಗಿ ಕೈ ಎತ್ತಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೊಬ್ಬನೇ ಹೊಡೆಯಲಿಲ್ಲ, ಯಾಕೆಂದರೆ ನಮ್ಮ ದೇಶದವರ ಅಂಗಡಿಗಳಿರುವ ಸೌತ್‌ಹಾಲಿಗೆ ಗಾಡಿ ಓಡಿಸಿಕೊಂಡು ಹೋಗಬೇಕಾದವನು ನಾನು.

ಬ್ರಾಡ್‌ವೇಯ ಅಂಗಡಿಯಲ್ಲಿ ಅಕ್ಕಿ, ಬೇಳೆ, ಬೆಲ್ಲ, ಎಳ್ಳು ಎಲ್ಲ ಕಟ್ಟಿಸಿದೆವು. ಅಂಗಡಿಯ ಸರ್ದಾರ್‌ಜಿ ಬಿಲ್ಲು ಬರೆದು ಹಿಂದಿಯಲ್ಲಿ ಅಂದರು: "ನಗದು ಕೊಟ್ಟರೆ ನೂರಕ್ಕೆ ಹತ್ತು ಬಿಡ್ತೀನಿ. ಕಾರ್ಡಾದರೆ ಇಲ್ಲ."

"ಬಿಡಬೇಡಿ," ಅಂದರು ಡಾಕ್ಟರು.

ಸರ್ದಾರ್‌ಜಿ ಸರಿಯಾಗಿ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದರು. ಡಾಕ್ಟರು ಕಾರ್ಡು ಮುಂದೆ ಹಿಡಿದು, "ಪೂರ್ತಿ ಹಾಕಿ. ಹಿಂದಿನ ಸಲದ್ದು ಬಿಟ್ಟಿದ್ರೆ ಅದನ್ನೂ ಹಾಕಿ," ಅಂದರು.

ಅಷ್ಟು ವರ್ಷ ಗಲ್ಲೆಯಲ್ಲಿ ಕೂತಿದ್ದ ಮನುಷ್ಯ, ಬೆಲೆ ಇಳಿಸಬೇಡಿ ಎಂದು ಜಗಳಾಡುವ ಹಿಂದೂಸ್ತಾನಿಯನ್ನು ನೋಡಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಇವರೇನು ಮಾಡ್ತಾರೆ?" ಎಂದು ಕೇಳಿದರು.

"ಡಾಕ್ಟರು. ಆಪರೇಷನ್ನಿಗೆ ಮುಂಚೆ ಮಂಪರು ಬರೋ ಔಷಧಿ ಕೊಡ್ತಾರೆ."

ಸರ್ದಾರ್‌ಜಿ ಕನಿಕರದಿಂದ ತಲೆ ಆಡಿಸಿದರು. "ಇವತ್ತು ಮೊದಲು ತಾವೇ ತಗೊಂಡು ನೋಡಿದಾರೆ."

ಏಪ್ರಿಲ್ ಒಂದು

ಮಾರ್ಚ್ ಮುಗಿದರೂ ಪಾಯಿಂಟ್ ಮುಗಿಲು ಮುಟ್ಟಲಿಲ್ಲ. ಹೆರಿಗೆ ಏಪ್ರಿಲ್ ಕೊನೆಗೆ. ಡಾಕ್ಟರ ಹೆಂಡತಿ ಮಾತು ಬಿಟ್ಟಿದ್ದಳು. ಇಂಥ ಸಮಯದಲ್ಲಿ ಸ್ನೇಹಿತನಾದವನು ಏನು ಮಾಡಬೇಕು? ನಾನು ಏಪ್ರಿಲ್ ಒಂದರ ಬೆಳಿಗ್ಗೆ ಮೂಗು ಹಿಡಿದುಕೊಂಡು ಇಂಗ್ಲಿಷರ ದನಿಯಲ್ಲಿ ಅವರಿಗೆ ಫೋನ್ ಮಾಡಿದೆ. ಇಂಥ ಸೂಪರ್‌ಮಾರ್ಕೆಟ್ಟಿನಲ್ಲಿ ಇವತ್ತೊಂದು ದಿನ ನಿಮ್ಮ ಕಾರ್ಡಿಗೆ, ಟಾಯ್ಲೆಟ್ ಪೇಪರ್ ಕೊಂಡರೆ, ಎರಡರಷ್ಟು ಪಾಯಿಂಟ್ ಎಂದು ಹೇಳಿ ಇಟ್ಟೆ.

ಸಂಜೆ ನೋಡಲು ಹೋದರೆ ಅವರ ಮನೆಯ ಬಾಗಿಲು ಅರ್ಧ ಮಾತ್ರ ತೆರೆಯಿತು. ಹಿಂದೆ ಗೋಡೆಯ ಹಾಗೆ ರೋಲುಗಳು. ಮಾತು ಬಿಟ್ಟವಳು ಬಾಯಿ ಬಿಟ್ಟಿದ್ದಳು: "ಬಾಣಂತಿಗೆ ಅಂಟಿನುಂಡಿ ಮಾಡಾಕ ಒಣಕೊಬ್ಬರಿ ತರ್ರಿ ಅಂದ್ರ ಇವನ್ನ ತಂದಾರ್ರೀ ಅಣ್ಣಾ! ಕೂಸು ಕಾಲೇಜಿಗೆ ಹೋಗೂತನಾ ಸಾಕು!"

ನಾನು ಒಳಗೊಳಗೇ ಕುಣಿಯುತ್ತ ಮನೆಗೆ ಬಂದೆ. ವಾರದ ಮೇಲೆ ಡಾಕ್ಟರು ಓಡೋಡಿ ನನ್ನ ಆಫೀಸಿಗೆ ಬಂದರು. ಆ ಸೂಪರ್‌ಮಾರ್ಕೆಟ್ಟಿನಲ್ಲಿ ಆ ದಿನ ನಿಜವಾಗಿಯೂ ಎರಡರಷ್ಟು ಪಾಯಿಂಟ್ ಕೊಟ್ಟಿದ್ದರಂತೆ. ಎಲ್ಲ ಸಾಮಾನಿಗೂ! ಜೀವಮಾನದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ನಿಜವಾದದ್ದು ಅದೊಂದೇ. ಅದನ್ನೂ ನಂಬಬೇಡಿ ಅನ್ನುತ್ತಾಳೆ ನನ್ನ ಹೆಂಡತಿ.

ಅರ್ಧ ದಾರಿ

ಪಾಯಿಂಟ್‌ಗಳು ಕೂಡಿದವು. ಆದರೆ ಬರಲಿಕ್ಕೆ ಮಾತ್ರ. ಹೋಗಲಿಕ್ಕೆ ಇಲ್ಲ.

"ಮೊದಲು ಬರಲಿ ರಾಯರೇ," ಅಂದರು ಡಾಕ್ಟರು. "ವೀಸಾ ಆರು ತಿಂಗಳಿದೆ. ಮಗು ಹುಟ್ಟಿದ ಮೇಲೆ ಖರ್ಚಿಗೇನು ಬರಗಾಲ? ಹೋಗೋ ಟಿಕೆಟ್ ತಾನಾಗಿ ಬೆಳೆಯುತ್ತೆ."

ಹೀಥ್ರೂ ವಿಮಾನ ನಿಲ್ದಾಣದಲ್ಲಿ ನಡೆದದ್ದನ್ನು ಅತ್ತೆಯೇ ನನಗೆ ಹೇಳಿದ್ದು. ವಲಸೆ ಅಧಿಕಾರಿ ಟಿಕೆಟ್ ತಿರುವಿ ನೋಡಿ, ದುಭಾಷಿ ಹೆಣ್ಣುಮಗಳೊಬ್ಬಳನ್ನು ಕರೆಸಿ, ವಾಪಸು ಟಿಕೆಟ್ ಎಲ್ಲಿ, ಯಾವಾಗ ಹೋಗುತ್ತೀರಿ ಎಂದು ಕೇಳಿದನಂತೆ.

"ನಮ್ಮ ಅಳಿಯಂದ್ರ ಪಾಯಿಂಟ್ ಕೂಡಿದ ಮ್ಯಾಲೆ," ಅಂದರಂತೆ ಅತ್ತೆ.

ಅದನ್ನು ಅವಳು ಇಂಗ್ಲಿಷಿಗೆ ತಿರುಗಿಸಿದ್ದೇ ತಡ, ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದನಂತೆ: "ಯಾವ ಕಾರ್ಡು? ನಾನೂ ಒಂದು ಹುಡುಕ್ತಿದ್ದೀನಿ."

ಇಂಥಾ ಅಳಿಯ

ಅತ್ತೆ ಬಂದ ನಾಲ್ಕನೆಯ ದಿನ ಗಂಡುಮಗು ಹುಟ್ಟಿತು. ಮನೆ ಅತ್ತೆಯ ಕೈಗೆ ಹೋಯಿತು. ಡಾಕ್ಟರು ನ್ಯಾಪಿಯ ದೊಡ್ಡ ದೊಡ್ಡ ಪೊಟ್ಟಣ ತಂದು ಜೋಡಿಸಿದ್ದರು. ಅತ್ತೆ ಅವನ್ನು ಅಂಗಡಿಗೆ ವಾಪಸು ಕಳಿಸಿ, ಪೆಟ್ಟಿಗೆಯಿಂದ ಮಾವನವರ ಹಳೇ ಧೋತರ ತೆಗೆದು ಪರಪರ ಹರಿದರು. ಕಾರ್ಡಿನವರು ಆ ಪಾಯಿಂಟ್‌ಗಳನ್ನೂ ವಾಪಸು ತೆಗೆದುಕೊಂಡರು.

ಹೋಟೆಲ್ ಊಟ ನಿಂತಿತು. "ಬಾಣಂತಿ ಮನ್ಯಾಗ ಬಿಟ್ಟು ಹೊರಗ ದ್ವಾಸಿ ತಿಂತಾರೇನ್ರೀ?" ಡಾಕ್ಟರು ಆಸ್ಪತ್ರೆಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗತೊಡಗಿದರು, ಅದೂ ಬಸ್ಸಿನಲ್ಲಿ. "ಮನಿ ಮುಂದ ಬಸ್ಸು ನಿಂದರತೈತಿ. ಕಾರ್ ಯಾಕ ಸವಸೂದು?" ಪುಂಡಿ ಸೊಪ್ಪು ಕೂಡ ಹಿತ್ತಲಲ್ಲೇ ಬೆಳೆಯಿತು. ಅತ್ತೆ ಸೀರೆಯ ಸೆರಗಿನಲ್ಲಿ ಬೀಜ ಕಟ್ಟಿಕೊಂಡು ಬಂದಿದ್ದರು.

ಜೂನ್ ಹೋಯಿತು, ಆಗಸ್ಟ್ ಹೋಯಿತು. ಪಾಯಿಂಟ್ ಇದ್ದಲ್ಲೇ ಕೂತಿತ್ತು. ಡಾಕ್ಟರು ನನ್ನ ಟೇಬಲ್ಲಿನ ಮುಂದೆ ತಲೆ ಹಿಡಿದು ಕೂತರು. "ರಾಯರೇ, ಅವರು ಹೋಗ್ಬೇಕಾದ್ರೆ ನಾನು ಖರ್ಚು ಮಾಡ್ಬೇಕು. ಅವರು ಇರೋ ತನಕ ಖರ್ಚು ಮಾಡೋ ಹಾಗಿಲ್ಲ!"

"ಟಿಕೆಟ್ ಕೊಂಡುಬಿಡಿ."

"ನಾಲ್ಕು ಮನೆಯವರ ಮುಂದೆ ಹೇಳಿದ್ದೀನಲ್ಲ, ಪೆನ್ನಿ ಕೊಡಲ್ಲ ಅಂತ."

ಕೊನೆಗೆ ಅಳಿಯ ಅತ್ತೆಯ ಮುಂದೆ ನಿಂತು ಬೇಡಿಕೊಂಡರು. "ಅತ್ತೆ, ಏನಾದ್ರೂ ಕೊಂಡ್ಕೊಳ್ಳಿ. ಸೀರೆ ತಗೊಳ್ಳಿ, ಬಂಗಾರ ತಗೊಳ್ಳಿ, ಊರಿನವರಿಗೆಲ್ಲ ತಗೊಳ್ಳಿ."

ಅತ್ತೆಯ ಕಣ್ಣು ತುಂಬಿ ಬಂದವು. ಆ ದಿನವೇ ಧಾರವಾಡಕ್ಕೆ ಫೋನ್ ಹಚ್ಚಿ ತಂಗಿಗೆ ಹೇಳಿದರು: "ಇಂಥಾ ಅಳಿಯ ಯಾರಿಗೂ ಸಿಗೂದಿಲ್ಲವಾ. ಕೊಡಸ್ತೇನಿ ಕೊಡಸ್ತೇನಿ ಅಂತ ಕಾಲ ಬೀಳ್ತಾರ. ನಾ ಅದೆಂಗ ತಗೊಳ್ಳಲಿ? ಇನ್ನ ಮ್ಯಾಲ ಒಂದು ಕುಪ್ಪಸದ ಖಣಾ ಸೈತ ತಗೊಳ್ಳೂದಿಲ್ಲ ಅಂತ ಆಣಿ ಮಾಡೇನಿ."

ವೀಸಾ ಮುಗಿಯಲು ಮೂರು ದಿನವಿದ್ದಾಗ ಡಾಕ್ಟರು ನನ್ನ ಆಫೀಸಿಗೆ ಬಂದು, ಹೊರಗೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮುಂಬಯಿಗೆ ಒಂದು ಟಿಕೆಟ್ ಕೇಳಿದರು. ಕೊನೇ ಗಳಿಗೆಯ ಟಿಕೆಟ್, ಬೆಲೆ ಆಕಾಶದಲ್ಲಿತ್ತು. ನಾನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಸಂಜೆಯೊಳಗೆ ನಾಲ್ಕೂ ಮನೆಗೆ ಗೊತ್ತಾಗಿತ್ತು. ಹೇಗೋ ಕಾಣೆ.

ದುಡ್ಡು ಅವರು ಕಾರ್ಡಿನಲ್ಲೇ ಕೊಟ್ಟಿದ್ದು. ಅತ್ತೆ ಧಾರವಾಡ ಮುಟ್ಟಿದ ವಾರಕ್ಕೆ ಕಾರ್ಡಿನವರು ತಿಳಿಸಿದರು: ಈ ಟಿಕೆಟ್ಟಿನಿಂದ ಬಂದ ಪಾಯಿಂಟ್ ಸೇರಿ, ಇನ್ನೊಂದು ಟಿಕೆಟ್ಟಿಗೆ ಸರಿಯಾಗಿ ಸಾಕಾಗುವಷ್ಟು ಆಗಿದೆ. ಒಂದು ಕಡೆಗೆ ಮಾತ್ರ. ತಿಂಗಳೊಳಗೆ ಕಾದಿರಿಸದಿದ್ದರೆ ರದ್ದು.

ಈ ಸುದ್ದಿ ಮಗಳ ಬಾಯಿಂದ ಧಾರವಾಡಕ್ಕೆ ಹೋಯಿತು. ಮರುದಿನ ಬೆಳಿಗ್ಗೆ ಅತ್ತೆ ಅಳಿಯನಿಗೆ ತಾವೇ ಫೋನ್ ಮಾಡಿದರು.

"ಪುಕ್ಕಟೆ ಬಂದದ್ದು ಹಾಳ ಮಾಡಬಾರದ್ರಿ. ವೀಸಾಕ್ಕ ಕಾಗದ ಕಳಿಸ್ರಿ, ಬರ್ತೇನಿ. ಹೋಗೂ ಟಿಕೆಟ್ಟಿಂದು ನೀವೇನೂ ಚಿಂತಿ ಹಚ್ಚಿಕೋಬ್ಯಾಡ್ರಿ ಅಳಿಯಂದ್ರ. ಅದು ಕೂಡೂತನಾ ನಾ ಇರ್ತೇನಿ."