ಏಳನೆಯ ಸೂಜಿ

ಸೂಜಿಗಳು ಆರೇ ಇದ್ದವು.

ಗುರುಶಿದ್ದಪ್ಪ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಎಣಿಸಿದ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯ ಗೋಡೆಗೆ ಕೆಂಪು ಖಣದ ಒಂದು ಪಟ್ಟಿ ತೂಗುತ್ತಿತ್ತು. ಅದರಲ್ಲಿ ಸಾಲಾಗಿ ಚುಚ್ಚಿಟ್ಟ ಸೂಜಿಗಳು ಮೇಲಿಂದ ಎಣಿಸಿದರೂ ಆರು, ಕೆಳಗಿನಿಂದ ಎಣಿಸಿದರೂ ಆರು. ಇರಬೇಕಾದದ್ದು ಏಳು.

ಎಂಟು ವರ್ಷದ ಹಿಂದೆ ಹಳೇ ಹುಬ್ಬಳ್ಳಿಯ ದರ್ಜಿ ಮಕಬೂಲಸಾಬ ಮೊದಲ ಗಂಟು ಚಿಂದಿ ಬಟ್ಟೆ ಕೊಡುವಾಗಲೇ ಎಚ್ಚರಿಸಿದ್ದ. "ಹೆಂಗರ ಹೊಲೀರಿ ಗುರುಶಿದ್ದಪ್ಪನವರ, ಏಳೂಕಿಂತ ಮೊದಲ ಸೂಜಿ ಎಣಸ್ರಿ. ಅರಿವ್ಯಾಗ ಸೂಜಿ ಉಳೀತಂದ್ರ ಗಿರಾಕಿ ಮೊದಲ ಕೇಳೂದು, ಯಾವಂವ ಇದನ್ನ ಹೊಲದಂವ ಅಂತ."

ಹಾಗೆ ಕೇಳುವ ಅಪಾಯ ಗುರುಶಿದ್ದಪ್ಪನಿಗೆ ಇರಲಿಲ್ಲ ಬಿಡಿ. ಧಾರವಾಡದ ಮಾಳಮಡ್ಡಿಯಲ್ಲಿ ಹೆಸರಾಗಿದ್ದದ್ದು ಚನ್ನಬಸವ್ವನ ಕೌದಿ. ಹಳೆಯ ಸೀರೆ, ಧೋತರ, ದರ್ಜಿಯ ಚಿಂದಿ ಎಲ್ಲ ಪದರು ಪದರಾಗಿ ಹಾಸಿ, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ ಹಾಕಿದ ಆ ಕೌದಿಗಳನ್ನು ನೋಡಿ ಓಣಿಯ ಹೆಂಗಸರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. "ಕೈಗುಣಾರಿ, ಏನ್ ಮಾಡೂದು," ಎಂದು ಚನ್ನಬಸವ್ವ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಆ ಕೈಗುಣದ ನಿಜವಾದ ಒಡೆಯ, ಅಂದರೆ ಆಕೆಯ ಗಂಡ, ಬಂದವರಿಗೆ ಚಹಾ ತಂದುಕೊಡುತ್ತಿದ್ದ.

ತಪ್ಪು ಅವನದೇ. ಸರಕಾರಿ ಕಚೇರಿಯೊಂದರ ಗುಮಾಸ್ತ, ಗಂಡಸಾಗಿ ಕೌದಿ ಹೊಲಿಯುತ್ತಾನೆಂದು ಗೊತ್ತಾದರೆ ಜನ ಬದುಕಗೊಡುವುದಿಲ್ಲವೆಂದು ಹೆದರಿ, ಮೊದಲ ಕೌದಿಯ ದಿನ ಅವನೇ ಹೆಂಡತಿಯ ಹೆಸರು ಹೇಳಿದ್ದ. ಕೊಟ್ಟ ಹೆಸರನ್ನು ಆಕೆ ಮತ್ತೆ ವಾಪಸು ಕೊಡಲಿಲ್ಲ. ಈಗೀಗ ಬಾಗಿಲು ಹಾಕಿಕೊಂಡು ಇಬ್ಬರೇ ಕೂತಾಗಲೂ "ನನ್ನ ಕೌದಿ" ಎನ್ನುತ್ತಿದ್ದಳು. ಅವನ ಹೆಸರನ್ನಂತೂ ಆಕೆ ಬಾಯಿಗೇ ತಂದವಳಲ್ಲ. ಗಂಡನ ಹೆಸರು ಹೇಳಬಾರದೆಂಬ ರೂಢಿ. ಮದುವೆಯ ದಿನ ಒಡಪು ಹಾಕಿ, ಪದ್ಯದ ಸಾಲಿನಲ್ಲಿ ಪೋಣಿಸಿ, ಒಮ್ಮೆ ಹೇಳಿದ್ದೇ ಮೊದಲು, ಅದೇ ಕೊನೆ. ಇಪ್ಪತ್ತೆಂಟು ವರ್ಷದಿಂದ ಅವನು ಬರೀ "ಇವರು".

ನಿನ್ನೆ ಸಂಜೆ ಒಂದು ಕೌದಿ ಮುಗಿದಿತ್ತು. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಒಳಗೆ ಒಂದು ತುಂಡು ಹೋಳಿಗೆ ಇಟ್ಟು ಹೊಲಿಯುವುದು ಪದ್ಧತಿ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತಾರೆ. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದಂತೆ. ಹೋಳಿಗೆ ಇಟ್ಟು, ಮೂಲೆ ಹೊಲಿದು, ದಾರ ಕಡಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಗಿತ್ತು. ಸೂಜಿಯನ್ನು ಎಂದಿನ ಅಭ್ಯಾಸದಂತೆ ಬಲ ಮೊಣಕಾಲ ಮೇಲಿನ ಬಟ್ಟೆಗೆ ಚುಚ್ಚಿದ್ದು ನೆನಪಿತ್ತು. ಅದನ್ನು ತೆಗೆದದ್ದು ನೆನಪಿರಲಿಲ್ಲ. ಮೊಣಕಾಲ ಮೇಲೆ ಆಗ ಹರಡಿಕೊಂಡಿದ್ದದ್ದು ಕೌದಿ.

"ಏನಽ, ನಿನ್ನಿ ಕೌದಿ ಎಲ್ಲೈತಿ?" ಎಂದು ಕೂಗಿದ.

"ಮುಂಜಾನೆನ ಕಳಿಸಿದ್ನೆಲ್ರಿ," ಎಂದಳು ಚನ್ನಬಸವ್ವ ಅಡಿಗೆ ಮನೆಯಿಂದ. "ಸಾಹೇಬ್ರ ಜೀಪಿನ ಡ್ರೈವರ್ ಮಡಿವಾಳಪ್ಪ ಪ್ಯಾಟಿಗೆ ಹೂವು ಒಯ್ಯಾಕ ಬಂದಂವ ಇಲ್ಲಿ ಹಾದಿದ್ದ. ಇವತ್ತ ಅವರ ಮೊಮ್ಮಗನ್ನ ತೊಟ್ಟಲದಾಗ ಹಾಕ್ತಾರಂತ. ಕೂಸಿನ ಕೆಳಗ ಹಾಸಾಕ ನನ್ನ ಕೌದಿ ಕೊಟ್ಟ ಕಳಿಸೇನಿ."

ಗುರುಶಿದ್ದಪ್ಪ ಅಲ್ಲೇ ಮೆಟ್ಟಿಲಿಗೆ ತಲೆ ತಾಗಿಸಿಕೊಂಡು ಕೂತುಬಿಟ್ಟ. ಕಚೇರಿಯ ಸಾಹೇಬರು ನಾಳೆ ಸೋಮವಾರ ವರ್ಗಾವಣೆಯ ಪಟ್ಟಿಗೆ ಸಹಿ ಹಾಕುವವರಿದ್ದರು. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಬೀದರ ಎಂದಿತ್ತು. ನಿವೃತ್ತಿಗೆ ಇನ್ನು ಮೂರು ವರ್ಷ. ಬೀದರಿಗೆ ಹೋದರೆ ಒಂಟಿ ಬಾಡಿಗೆ ಕೋಣೆ, ಖಾನಾವಳಿಯ ಊಟ. ಇಲ್ಲಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಶಾವಿಗೆ ಯಂತ್ರ ಇಡಬೇಕೆಂದು ಚನ್ನಬಸವ್ವ ಯಾವಾಗಿನಿಂದಲೋ ಕಣ್ಣಿಟ್ಟಿದ್ದಳು. ಆ ಕೋಣೆ ಹೋದರೆ ತನ್ನದೆನ್ನುವುದು ಈ ಭೂಮಿಯ ಮೇಲೆ ಏನೂ ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅಂಥದರಲ್ಲಿ ಸಾಹೇಬರ ಮೊಮ್ಮಗನ ಬೆನ್ನಿಗೆ ಸೂಜಿ!

ಅಂಗಿ ಹಾಕಿಕೊಂಡ. ಕೌದಿ ಬಿಚ್ಚಬೇಕಾಗಿ ಬಂದರೆ ಮತ್ತೆ ಹೊಲಿಯಲು ಬೇಕಲ್ಲ ಎಂದು ಉಳಿದ ಆರರಲ್ಲಿ ಒಂದು ಸೂಜಿ ತೆಗೆದು, ದಾರ ಪೋಣಿಸಿ, ಕೊರಳಪಟ್ಟಿಯ ಒಳಗೆ ಚುಚ್ಚಿಕೊಂಡು ಹೊರಬಿದ್ದ.

ಹೊರಗೆ ಗಂಗಪ್ಪ ನಿಂತಿದ್ದ. ಗಂಗಪ್ಪ ಪಕ್ಕದ ಮನೆಯವನು. ಆ ಸಾಲಿನಲ್ಲಿ ಫೋನು ಇದ್ದದ್ದು ಅವನೊಬ್ಬನ ಮನೆಯಲ್ಲಿ, ಹಾಗಾಗಿ ಊರ ಸುದ್ದಿಯೆಲ್ಲ ತನ್ನ ಮೂಲಕವೇ ಹಾಯಬೇಕೆಂದು ತಿಳಿದವನು.

"ಎಲ್ಲಿಗೆ ಹೊಂಟಿ ಇಷ್ಟ ಅವಸರಲೆ?"

"ಹುಬ್ಬಳ್ಳಿಗೆ. ಸಾಹೇಬ್ರ ಮನೀಗೆ. ಆ ಕೌದಿ ಸ್ವಲ್ಪ... ವಾಪಸ್ ತರಬೇಕಾಗೇತಿ."

"ಕೊಟ್ಟದ್ದನ್ನ ವಾಪಸ್?" ಗಂಗಪ್ಪನ ಕಣ್ಣು ಅರಳಿದವು. "ತಡೀಪಾ, ನಾನೂ ಬರ್ತೇನಿ. ಇಂಥಾದ್ದ ನೋಡಬೇಕು."

ಬಸ್ಸು ನವಲೂರು ದಾಟುವುದರೊಳಗೆ ಗಂಗಪ್ಪ ಅರ್ಧ ಬಸ್ಸಿಗೆ ವಿಷಯ ಮುಟ್ಟಿಸಿದ್ದ. ಕೂಸಿನ ಕೆಳಗಿನ ಕೌದಿ ಕಿತ್ತುಕೊಂಡು ಬರಲು ಹೊರಟ ಮನುಷ್ಯನನ್ನು ಜನ ಸೀಟಿನಿಂದ ಎದ್ದು ನೋಡಿದರು. "ಅಲ್ರಿ, ಎಷ್ಟರ ಹಳೀ ಸೀರಿ ಹಾಕಿದ್ರಿ ಅದಕ್ಕ?" ಎಂದು ಮುದುಕಿಯೊಬ್ಬಳು ಕೇಳಿದಳು. ಕಂಡಕ್ಟರನಂತೂ ಟಿಕೇಟು ಕೊಡುತ್ತ, "ಬರೂಮುಂದ ಲಗೇಜ್ ಚಾರ್ಜ್ ಆಗ್ತೈತ್ರಿ ಮತ್ತ," ಎಂದ. ಗುರುಶಿದ್ದಪ್ಪ ಕಿಟಕಿಯ ಹೊರಗೆ ಮುಖ ಮಾಡಿ ಕೂತ. ಸೂಜಿಯ ಮಾತು ಎತ್ತುವ ಹಾಗಿರಲಿಲ್ಲ. ಎತ್ತಿದರೆ ಅದು ತನಗಿಂತ ಮೊದಲು ಹುಬ್ಬಳ್ಳಿ ಮುಟ್ಟುತ್ತಿತ್ತು.

ಕೇಶ್ವಾಪುರದ ಸಾಹೇಬರ ಮನೆಯಲ್ಲಿ ಜೋಗುಳ ಶುರುವಾಗಿತ್ತು. ತೊಟ್ಟಿಲೊಳಗೆ ಅವನ ಕೌದಿ, ನಡುವೆ ಹಸಿರು ಇಳಕಲ್ ಸೀರೆಯ ಚೌಕ, ಸುತ್ತ ಅರಿಶಿನ ಬಣ್ಣದ ಅಂಚು, ನೀಟಾಗಿ ಹಾಸಿತ್ತು. ಸಾಹೇಬರ ಮಗಳು ಶಾಂಭವಿಯ ಕೈಯಿಂದ ಕೂಸನ್ನು ಎತ್ತಿಕೊಂಡು ಸಾಹೇಬರ ತಾಯಿ ತೊಟ್ಟಿಲ ಮೇಲೆ ಬಾಗಿದ್ದರು.

"ತಡೀರಿ!"

ಜೋಗುಳ ನಿಂತಿತು. ನಲವತ್ತು ಜನ ತಿರುಗಿ ನೋಡಿದರು. ಅವರಲ್ಲಿ ಸಾಹೇಬರೂ ಇದ್ದರು.

"ಏನದು ಗುರುಶಿದ್ದಪ್ಪ?"

ತಲೆಯೊಳಗೆ ಇದ್ದದ್ದು ಒಂದೇ ಸುಳ್ಳು. "ಹೊಟ್ಟಿ... ಹೊಟ್ಟಿ ತುಂಬಿಲ್ರಿ ಸಾಹೇಬ್ರ!"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಗಂಗಪ್ಪ ಅವನ ರಟ್ಟೆ ಹಿಡಿದು ಜಗ್ಗಿದ. "ಸ್ವಲ್ಪ ತಾಳೋ. ಕೂಸಿಂದ ಮುಗದ ಮ್ಯಾಲ ಪಂಕ್ತಿ ಹಾಕ್ತಾರ."

"ನಂದಲ್ರಿ! ಕೌದೀದು! ಕೌದಿ ಹೊಟ್ಟಿ ತುಂಬಸೂದ ಮರತಾಳ್ರಿ ನಮ್ಮಾಕಿ. ಎರಡ ಮೂರ ತಾಸು ಕೊಡ್ರಿ, ಮನೀಗೆ ಒಯ್ದು ತುಂಬಿಸಿ ತರ್ತೇನಿ."

ಸಾಹೇಬರ ತಾಯಿ ಕೂಸನ್ನು ಸಟ್ಟನೆ ಎದೆಗೆ ಒತ್ತಿಕೊಂಡರು. "ಯವ್ವಾ, ಹಸದ ಕೌದಿ! ಛಲೋ ಆತು ತಮ್ಮಾ ನೀ ಬಂದಿದ್ದು. ಮನೀಗ್ಯಾಕ ಒಯ್ತಿ? ಇಲ್ಲೇ ತುಂಬ್ಸು. ಹೋಳಗಿ ನಮ್ಮ ಮನ್ಯಾಗೂ ಅದಾವ. ಕುಂಡ್ರು."

"ನನಗೆಲ್ಲಿ ಬರ್ತೈತ್ರಿ ದೊಡ್ಡವ್ವಾರ..."

"ಹೆಂಡ್ತಿ ಹೊಲಿಯೂದ ನೋಡಿಲ್ಲೇನು? ಕುಂಡ್ರು."

ಗುರುಶಿದ್ದಪ್ಪ ಎಲ್ಲರ ನಡುವೆ ಚಾಪೆಯ ಮೇಲೆ ಕೂತ. ಕೌದಿಯನ್ನು ಮೊಣಕಾಲ ಮೇಲೆ ಎಳೆದುಕೊಂಡು ಒಂದೊಂದು ಗೇಣನ್ನೂ ಎರಡು ಕೈಯಲ್ಲಿ ಒತ್ತಿ ಒತ್ತಿ ನೋಡಿದ. ಸೂಜಿ ಸಿಗಲಿಲ್ಲ. ಮೂಲೆ ಬಿಚ್ಚಿದ, ಮೊಣಕೈವರೆಗೆ ಒಳಗೆ ತೂರಿಸಿ ತಡಕಾಡಿದ. ಸೂಜಿ ಸಿಗಲಿಲ್ಲ. ಬೆರಳಿಗೆ ಸಿಕ್ಕಿದ್ದು ನಿನ್ನೆ ತಾನೇ ಇಟ್ಟಿದ್ದ ಹೋಳಿಗೆಯ ತುಂಡು.

"ಏನರ ಸಿಕ್ತೇನು?" ಎಂದು ಅಜ್ಜಿ ಬಾಗಿದರು.

ಹೊಟ್ಟೆ ತುಂಬಿಲ್ಲವೆಂದು ನಲವತ್ತು ಜನರ ಮುಂದೆ ಕೂಗಿದವನು ಈಗ ಹೋಳಿಗೆ ಹೊರಗೆ ತೆಗೆಯುವ ಹಾಗಿತ್ತೇ? ಕೆಮ್ಮುವವನಂತೆ ಮುಷ್ಟಿಯನ್ನು ಬಾಯಿಗೆ ಒಯ್ದು ನುಂಗಿಬಿಟ್ಟ. ಅದಕ್ಕೆ ಬೆಲ್ಲಕ್ಕಿಂತ ಹತ್ತಿಯ ರುಚಿ ಹೆಚ್ಚಾಗಿತ್ತು.

ಸೂಜಿ ಇಲ್ಲ. ಕೂಸಿಗೆ ಏನೂ ಆಗುವುದಿಲ್ಲ. ಆ ನೆಮ್ಮದಿಯಲ್ಲಿ ಗುರುಶಿದ್ದಪ್ಪ ಮೈಮರೆತ. ಅಜ್ಜಿ ಕೊಟ್ಟ ಹೊಸ ಹೋಳಿಗೆಯ ತುಂಡನ್ನು ಒಳಗಿಟ್ಟು, ಕೊರಳಪಟ್ಟಿಯಿಂದ ಸೂಜಿ ತೆಗೆದು ಮೂಲೆ ಹೊಲಿಯತೊಡಗಿದ. ತಪ್ಪುತಪ್ಪಾಗಿ ಹೊಲಿಯಬೇಕೆಂದು ಹೊಳೆಯುವಷ್ಟರಲ್ಲಿ ಕೈ ತನ್ನ ಪಾಡಿಗೆ ಓಡಿ, ಅಕ್ಕಿಕಾಳಿನ ಸಾಲು ನೆಟ್ಟಗೆ ಬಂದುಬಿಟ್ಟಿತ್ತು. ಹೆಂಗಸರು ಒಬ್ಬೊಬ್ಬರಾಗಿ ಹತ್ತಿರ ಸರಿದರು.

"ತಮ್ಮಾ," ಎಂದರು ಅಜ್ಜಿ ಮೆಲ್ಲಗೆ, "ಈ ಕೈ ಹೊಸದಲ್ಲ. ಯಾರ್ ಹೊಲದದ್ದು ಈ ಕೌದಿ, ಖರೇ ಹೇಳು."

ಎಂಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ನಾನು ಎನ್ನುವುದು ನಾಲಗೆಯ ತುದಿಯವರೆಗೆ ಬಂತು. ಆಗ ಬಾಗಿಲಲ್ಲಿ ನಿಂತ ಸಾಹೇಬರು ಕಂಡರು, ಅವರ ಹಿಂದೆ ನಗಲು ತಯಾರಾಗಿ ನಿಂತ ಕಚೇರಿಯ ನಾಲ್ಕು ಜನ ಕಂಡರು.

"ನಮ್ಮಾಕೀರಿ," ಎಂದ. "ನನಗ ನೋಡಿ ನೋಡಿ ಬಂದೈತ್ರಿ."

"ನೋಡಿದಂವನ ಕೈ ಹಿಂಗಿದ್ರ, ಹೊಲದಾಕಿ ಕೈ ಹೆಂಗಿರಬೇಕು!" ಎಂದು ಅಜ್ಜಿ ಗಲ್ಲಕ್ಕೆ ಕೈ ಹಚ್ಚಿದರು. ಅದರ ಮೇಲೆ ಚನ್ನಬಸವ್ವನ ಹೊಗಳಿಕೆ ಶುರುವಾಯಿತು. ಚನ್ನಬಸವ್ವನ ತಾಳ್ಮೆಯೇನು, ಚನ್ನಬಸವ್ವನ ಬಣ್ಣದ ಕಣ್ಣೇನು. ಸಾಹೇಬರೂ ನಕ್ಕು, "ಇಂಥಾ ಹೆಂಡ್ತೀನ ಬಿಟ್ಟ ನೀವು ಬೀದರಕ್ಕ ಹೆಂಗ ಹೋಗ್ತೀರಿ? ನಾಳೆ ನೋಡೂಣಂತ," ಎಂದರು. ಗುರುಶಿದ್ದಪ್ಪನಿಗೆ ಸಂತೋಷಕ್ಕೋ ಸಂಕಟಕ್ಕೋ ಕಣ್ಣು ತುಂಬಿ ಬಂದವು. ಕನ್ನಡಕ ತೆಗೆದು ಒರೆಸಿಕೊಂಡ. ಅವನು ಅದನ್ನು ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಅಜ್ಜಿ ಕೌದಿಯನ್ನು ಎಳೆದುಕೊಂಡು, ಇಂಥ ಕೌದಿ ಎಲ್ಲರೂ ನೋಡುವಂಗ ಇರಲಿ ಎಂದು ಪಡಸಾಲೆಯ ದೊಡ್ಡ ಕುರ್ಚಿಯ ಮೇಲೆ ಹರಡಿದ್ದರು. ತೊಟ್ಟಿಲಿಗೆ ಬೇರೆ ದುಪ್ಪಟಿ ಬಂತು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದ. ಬಾಗಿಲ ಚೌಕಟ್ಟಿಗೆ ಹೊಸದಾಗಿ ಒಂದು ನಿಂಬೆಕಾಯಿ, ಏಳು ಮೆಣಸಿನಕಾಯಿ ತೂಗುತ್ತಿದ್ದವು.

"ನಿಮ್ಮ ಬೀದರದ ಪೀಡಾ ಹೋಗ್ಲಿ ಅಂತ ಕಟ್ಟೇನ್ರಿ," ಎಂದಳು ಚನ್ನಬಸವ್ವ. "ಮುಂಜಾನೆ ನಿಮ್ಮ ಪಟ್ಟೀಲಿಂದ ಒಂದ ಸೂಜಿ ತಗೊಂಡ ನಾನ ಪೋಣಿಸಿದೆ. ಅಲ್ಲೇ ಕ್ಯಾಲೆಂಡರಕ್ಕ ಚುಚ್ಚೇನಿ ನೋಡ್ರಿ."

ತೊಂಬತ್ತೇಳರ ಕ್ಯಾಲೆಂಡರಿನ ಮೂಲೆಯಲ್ಲಿ ಏಳನೆಯ ಸೂಜಿ ತಣ್ಣಗೆ ಮಿನುಗುತ್ತಿತ್ತು. ಗುರುಶಿದ್ದಪ್ಪನಿಗೆ ಸಿಟ್ಟು ಬರುವ ಬದಲು ನಗು ಬಂತು. ಅದನ್ನು ಕಿತ್ತುಕೊಂಡು ಕೋಣೆಗೆ ಹೋಗಿ ಖಣದ ಪಟ್ಟಿಗೆ ಚುಚ್ಚಿದ. ಅಭ್ಯಾಸಬಲದಿಂದ ಎಣಿಸಿದ.

ಆರು.

ಕೈ ಕೊರಳಪಟ್ಟಿಗೆ ಹೋಯಿತು. ಖಾಲಿ. ಆಮೇಲೆ ತಾನಾಗಿಯೇ ಬಲ ಮೊಣಕಾಲಿಗೆ ಇಳಿಯಿತು. ಕನ್ನಡಕ ಒರೆಸಿಕೊಳ್ಳುವ ಮೊದಲು ಕೈಯಲ್ಲಿದ್ದ ಸೂಜಿಯನ್ನು ಎಲ್ಲಿ ಚುಚ್ಚಿದ್ದೆನೆಂದು ಅವನಿಗೆ ಆಗ ಚೆನ್ನಾಗಿ ನೆನಪಾಯಿತು.

"ಚನ್ನಬಸವಕ್ಕಾ!" ಗಂಗಪ್ಪ ಏದುಸಿರು ಬಿಡುತ್ತ ಬಾಗಿಲಿಗೆ ಬಂದಿದ್ದ. "ಸಾಹೇಬ್ರ ಫೋನ್ ಬಂದೈತಿ! ಕೌದಿ ಹೊಲದಾಕಿನ್ನ ಲಗೂ ಕರಿ ಅಂತಾರ!"

ಚನ್ನಬಸವ್ವ ಸೆರಗು ಸರಿಮಾಡಿಕೊಂಡು, ಹೊಗಳಿಸಿಕೊಳ್ಳುವ ಮುಖ ಮಾಡಿಕೊಂಡು ಹೊರಟಳು. ಗುರುಶಿದ್ದಪ್ಪ ಕಾಲೆಳೆಯುತ್ತ ಹಿಂದೆ ಹೋದ. ಗಂಗಪ್ಪನ ಪಡಸಾಲೆಯಲ್ಲಿ ಆಗಲೇ ಅರ್ಧ ಓಣಿ ಸೇರಿತ್ತು. ಫೋನಿನೊಳಗಿನ ದನಿ ಹೊಸ್ತಿಲವರೆಗೂ ಕೇಳುತ್ತಿತ್ತು. ಸಾಹೇಬರು ಬೀಗರ ಮುಂದೆ ಗತ್ತಿನಿಂದ ದೊಡ್ಡ ಕುರ್ಚಿಯಲ್ಲಿ ಕೂತರಂತೆ. ಕೂತಷ್ಟೇ ಲಗೂ ಎದ್ದರಂತೆ. ಡಾಕ್ಟರು ಬಂದು ಹೋದರಂತೆ.

"ಯಾರ್ರೀ ಇದನ್ನ ಹೊಲದದ್ದು?" ಎಂದು ಫೋನು ಗರ್ಜಿಸಿತು.

ಚನ್ನಬಸವ್ವನ ಮುಖದ ಬಣ್ಣ ಇಳಿಯಿತು. ಒಮ್ಮೆ ಗಂಡನ ಕಡೆ ನೋಡಿದಳು. "ನಾನಲ್ರಿ ಸಾಹೇಬ್ರ," ಎಂದಳು. "ನನಗ ಸೂಜಿ ಹಿಡಿಯಾಕ ಸೈತ ಬರಂಗಿಲ್ರಿ. ಎಂಟ ವರ್ಷದಿಂದ ಎಲ್ಲಾ ಕೌದೀನೂ ಇವರ ಹೊಲದದ್ರಿ."

ಬೆಳಿಗ್ಗೆಯಷ್ಟೇ ಏಳು ಮೆಣಸಿನಕಾಯಿ ಪೋಣಿಸಿದ ಕೈಯಿಂದಲೇ ಫೋನು ಹಿಡಿದಿದ್ದಳು.

"ಇವರಂದ್ರ ಯಾರು? ಹೆಸರ ಹೇಳ್ರಿ!"

ಚನ್ನಬಸವ್ವ ಕಣ್ಣು ಮುಚ್ಚಿದಳು. ಒಡಪಿಲ್ಲದೆ, ನಾಚಿಕೆಯಿಲ್ಲದೆ, ಒಂದು ಅಕ್ಷರವನ್ನೂ ನುಂಗದೆ, "ಗುರುಶಿದ್ದಪ್ಪ ಬಸಲಿಂಗಪ್ಪ ಅಂಗಡಿ," ಎಂದಳು. "ನಿಮ್ಮ ಕಚೇರ್ಯಾಗ ಗುಮಾಸ್ತ ಅದಾರ್ರಿ."

ತನ್ನ ಹೆಸರು ಆಕೆಯ ಬಾಯಲ್ಲಿ ಇಷ್ಟು ಚಂದ ಕೇಳುತ್ತದೆಂದು ಗುರುಶಿದ್ದಪ್ಪನಿಗೆ ಗೊತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಕೈಗೆ ಬಂದ ಬೀದರದ ಆದೇಶದಲ್ಲೂ ಅದು ಒಂದಕ್ಷರ ತಪ್ಪಿರಲಿಲ್ಲ.